ಹಿತ್ತಾಳೆ ಎಂಜಿನ್ನಿನ ಅಡಿಮೈ

ಹಳೇ ಹಿತ್ತಾಳೆ ಪಾತ್ರೆಯನ್ನು ಹಳೇ ಹೆಸರಿನ ಸಮೇತ ಯಾರೂ ಕೊಳ್ಳುವುದಿಲ್ಲ. ತಂಬಿಗೆಯ ಕಂಠದ ಮೇಲೋ ಕೊಡದ ಹೆಗಲ ಮೇಲೋ ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರು ಇದ್ದೇ ಇರುತ್ತದೆ, ಯಾರದೋ ಮದುವೆಗೆ ಯಾವನೋ ಸೋದರಮಾವ ಕೊಟ್ಟದ್ದು. ಅದು ಕಣ್ಣಿಗೆ ಬಿತ್ತೋ, ಬಂದ ಗಿರಾಕಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಬೇರೆ ಮನೆಯ ಹೆಸರಿನ ಕೊಡದಿಂದ ನಮ್ಮ ಮನೆಯ ನೀರು ಯಾಕೆ ಕುಡಿಯಬೇಕು? ಆ ಮನೆಗೆ ಏನು ಬಂದು ಈ ಕೊಡ ಪೇಟೆಗೆ ಬಂತೋ ಯಾರಿಗೆ ಗೊತ್ತು? ಅದಕ್ಕೇ ಗೋವೆಯ ಮಡಗಾಂವಿನ ಹಳೇ ಪೇಟೆಯಲ್ಲಿ, ಶಶಿಧರ ಸಾವಕಾರರ ಅಂಗಡಿಯ ಹಿತ್ತಲಲ್ಲಿ, ಪಂಚಾಕ್ಷರಿಯ ಮೊದಲ ಕೆಲಸ ಹೆಸರು ಅಳಿಸುವುದು. ಹೊಳಪು ಕೊಡುವುದು ಆಮೇಲೆ.

ಕಸುಬು ಕಲಿಸಿದ ಬಾಬುಸಾಬ ಉಸ್ತಾದ ಮೊದಲ ದಿನವೇ ಹೇಳಿದ್ದ: "ಹೆಸರ ಓದಬ್ಯಾಡಲೇ ಮಗನ. ಓದಿದಿ ಅಂದ್ರ ಕೈ ಹಿಂದ ಮುಂದ ನೋಡತೈತಿ. ಸುಮ್ನ ಗ್ರೈಂಡರ್ ಹಚ್ಚು, ಮುಂದಿಂದು ತಗೋ."

ಈ ಮಾತು ಪಂಚಾಕ್ಷರಿಗೆ ಭಾಳ ಹಿಡಿಸಿತ್ತು. ಅಕ್ಷರಗಳ ಮೇಲೆ ಅವನಿಗೆ ಮೊದಲಿನಿಂದಲೂ ಸಿಟ್ಟು. ಕುಂಕಳ್ಳಿಯಲ್ಲಿ ಅಪ್ಪ ಕಾರ್ಖಾನೆಗೆ ಹೋಗುತ್ತಿದ್ದಾಗ ಇವನು ಎಂಟನೇ ಇಯತ್ತೆಯವರೆಗೆ ಓದಿದ. ಒಂದು ದಿನ ಮಾಸ್ತರು ಇವನ ಓದನ್ನು ಅಣಕಿಸಿ ತೋರಿಸಿದರು, ಇಡೀ ವರ್ಗ ನಕ್ಕಿತು, ಇವನು ಪುಸ್ತಕವನ್ನು ಮೇಜಿನ ಮೇಲೆ ಬಡಿದು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಅವ್ವ ಮುರುಗೆವ್ವ ಕೋಲ್ವಾ ದಂಡೆಯಲ್ಲಿ ಮಣಿಸರ ಮಾರುವುದು ಬಿಟ್ಟು ಬಂದು ಕಾಲು ಹಿಡಿದಂತೆ ಬೇಡಿದಳು. ಹೋಗಲಿಲ್ಲ ಎಂದರೆ ಹೋಗಲಿಲ್ಲ. ಅಂದಿನಿಂದ ಯಾರಾದರೂ "ಓದಾಕ ಬರ್ತೈತೇನು?" ಎಂದರೆ ಸಾಕು, ಅವನ ಕಿವಿ ಬಿಸಿಯಾಗುತ್ತಿದ್ದವು.

ಎಂಜಿನ್ನು ಬಂದದ್ದು ದಸರೆಯ ಮುಂಚಿನ ಗಡಿಬಿಡಿಯಲ್ಲಿ. ವಾಸ್ಕೋದ ಗುಜರಿಯವನು ತಂದು ಸುರಿದ ಚೀಲದಲ್ಲಿ ಮುರಿದ ನಲ್ಲಿ, ಸೊಟ್ಟ ದೀಪದ ಸಮೆ, ಬಾಗಿಲ ಚಿಲಕಗಳ ನಡುವೆ ಅದು ಮಗ್ಗಲು ಹೊರಳಿ ಬಿದ್ದಿತ್ತು. ಮೊಳದುದ್ದದ ಉಗಿ ಎಂಜಿನ್ನು, ಅದರ ಬೆನ್ನಿಗೆ ಕೊಂಡಿ ಹಾಕಿದ ಕಲ್ಲಿದ್ದಲ ಪೆಟ್ಟಿಗೆ. ಬಾಯ್ಲರಿನ ಮೇಲೆ ಮಸಿ, ಮಸಿಯ ಕೆಳಗೆ ಸಿಪ್ಪೆ ಎದ್ದ ಹಸಿರು ಬಣ್ಣ, ಅಲ್ಲಲ್ಲಿ ಕೂದಲೆಳೆಯಂಥ ಕೆಂಪು ಗೆರೆ. ಪಂಚಾಕ್ಷರಿ ಉಗುರಿನಿಂದ ಕೆರೆದು ನೋಡಿದ. ಒಳಗೆ ಅಪ್ಪಟ ಹಿತ್ತಾಳೆ.

ಅಂಥ ಹುರುಪು ಅವನಿಗೆ ಯಾವ ಕೊಡ, ಯಾವ ಸಮೆಯ ಮೇಲೂ ಬಂದಿರಲಿಲ್ಲ. ಕಾಸ್ಟಿಕ್ ನೀರಿನಲ್ಲಿ ಅದ್ದಿ ಬಣ್ಣ ಕಳೆದ. ಸಂದಿಗಳಿಗೆ ಹುಣಸೆಹುಳಿ ಹಚ್ಚಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದ. ಗಾಲಿ ತಿರುಗಿಸಿದರೆ ಪಕ್ಕದ ಸಳಿಗಳು ಹಿಂದೆ ಮುಂದೆ ಆಡುತ್ತಿದ್ದವು; ಯಾರೂ ನೋಡದಾಗ ಅವನು ಅದನ್ನು ಸುಮ್ಮಸುಮ್ಮನೆ ಆಡಿಸಿದ. ಕಲ್ಲಿದ್ದಲ ಪೆಟ್ಟಿಗೆಯನ್ನು ಬಿಚ್ಚಿ ಬೋರಲು ಹಾಕಿದಾಗ ಅಡಿಮೈಯಲ್ಲಿ ಚುಕ್ಕಿಗಳ ಸಾಲು ಕಂಡಿತು. ಕಂಡಿತು, ಅಷ್ಟೇ. ಕಣ್ಣು ಅಲ್ಲಿ ನಿಲ್ಲಲಿಲ್ಲ, ಕೈ ತಾನಾಗಿ ಗ್ರೈಂಡರಿಗೆ ಹೋಯಿತು. ಹಳದಿ ಪುಡಿ ಹಾರಿತು. ಚುಕ್ಕಿ ಹೋದವು. ಆಮೇಲೆ ಪಾಲಿಶ್ ಚಕ್ರ, ಬಟ್ಟೆ, ಬಿಳೇ ಪುಡಿ. ಅಂಗಡಿಯ ಮುಂದಿನ ಗಾಜಿನೊಳಗೆ ಇಟ್ಟಾಗ ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಸಾವಕಾರರು ಫೋಟೋ ತೆಗೆದು ಮೊಬೈಲಿನಲ್ಲಿ ನಾಲ್ಕೂ ಕಡೆ ಹರಿಬಿಟ್ಟರು.

ಆ ಫೋಟೋ ನೋಡಿ ಮೊದಲು ಬಂದವಳು ಸೀಮಾ. ಧಾರವಾಡದ ವ್ಯಾಪಾರಸ್ಥರ ಮಗಳು, ಈಗ ಪಣಜಿಯಲ್ಲಿ ಮನೆ. ಹಳೇ ಗಡಿಯಾರ, ಆಟಿಕೆ, ಕೈಯಿಂದ ಮಾಡಿದ ಸಣ್ಣ ರೈಲುಗಳು ಯಾರ ಕೈಯವು ಎಂದು ಗುರುತು ಹಿಡಿಯುವುದು, ಕೆಡದಂತೆ ಕಾಪಾಡುವುದು ಅವಳ ಕೆಲಸ. ದೊಡ್ಡ ದೊಡ್ಡ ಸಂಗ್ರಹಾಲಯದವರು ಅವಳನ್ನು ಕರೆಸುತ್ತಾರಂತೆ. ಬಂದವಳೇ ಚೀಲದಿಂದ ಬಿಳೇ ಕೈಗವಸು ತೆಗೆದು ಬೆರಳಿಗೆ ಏರಿಸಿಕೊಂಡಳು. ಮದುಮಗಳನ್ನು ಇಳಿಸಿಕೊಳ್ಳುವಂತೆ ಎರಡೂ ಕೈಯಲ್ಲಿ ಎಂಜಿನ್ನನ್ನು ಗಾಜಿನ ಕಪಾಟಿನಿಂದ ಇಳಿಸಿ ಮೇಜಿನ ಮೇಲಿಟ್ಟಳು. ಸುತ್ತಲೂ ತಿರುಗಿಸಿ ನೋಡಿದಳು.

"ಇದನ್ನ ತೊಳದವರು ಯಾರ್ರಿ?"

ಪಂಚಾಕ್ಷರಿ ಹಿತ್ತಲ ಬಾಗಿಲಲ್ಲೇ ನಿಂತಿದ್ದ. ಶಹಬ್ಬಾಸ್ ಸಿಗುವ ಹೊತ್ತಿಗೆ ದೂರ ಇರಬಾರದು ಅಂತ. "ನಾನ ರೀ," ಎಂದ, ಎದೆ ಮುಂದೆ ಮಾಡಿ.

"ಮೊದಲ ಬಣ್ಣ ಇತ್ತೇನ್ರಿ?"

"ಇತ್ತರಿ, ಹಾಳ ಬಣ್ಣ. ಕಿತ್ತ ಒಗದೆ."

ಅವಳು ಕಣ್ಣು ಮುಚ್ಚಿದಳು. ಆಮೇಲೆ ಬೈಯಲಿಲ್ಲ, ಅದೇ ಕೆಟ್ಟದ್ದು. ಮೆಲ್ಲಗೆ ಹೇಳಿದಳು: "ಆ ಹಾಳ ಬಣ್ಣಾನ ಇದರ ಆಧಾರ ಕಾರ್ಡ್ ಆಗಿತ್ತರಿ."

ಶಶಿಧರ ಸಾವಕಾರರು ಗಾದಿಯ ಮೇಲೆ ಕೂತಲ್ಲೇ ಹೋ ಎಂದು ನಕ್ಕರು. "ಕೇಳಿದ್ಯಾ ಪಂಚ್ಯಾ? ಅಕ್ಕಾರ ಹೇಳಾಕತ್ತಾರ, ಆಧಾರ ಕಾರ್ಡ್ ತೊಳದ ಒಣಾಕ ಹಾಕೀದಿ!"

ಎದುರಿಗಿದ್ದ ಗಿರಾಕಿಗಳೂ ನಕ್ಕರು. ಪಂಚಾಕ್ಷರಿಯ ಕಿವಿ ಬಿಸಿಯಾದವು.

ಸೀಮಾ ನಗಲಿಲ್ಲ. ಎಂಜಿನ್ನಿನ ಮೇಲೆ ಭೂತಗನ್ನಡಿ ಹಿಡಿದು ಸಾವಕಾರರಿಗೆ ತೋರಿಸುತ್ತ ಹೋದಳು. "ಇದು ಕಂಪನಿ ಮಾಲಲ್ಲರಿ. ಎರಡು ಗಾಲಿ ನಡುವಿನ ಅಗಲ ನೋಡ್ರಿ, ಯಾವ ಕಾರ್ಖಾನಿ ಅಳತಿಗೂ ಕೂಡಂಗಿಲ್ಲ. ತಾ ಕೆಲಸ ಮಾಡೂ ಮೀಟರ್ ಗೇಜ್ ಎಂಜಿನ್ನ ಅಳದು, ಆ ಅಳತಿ ಭಾಗಿಸಿ ಸಣ್ಣದು ಮಾಡ್ಯಾನ. ಗಾಲಿ ಕಡ್ಡಿ ನೋಡ್ರಿ, ಒಂದೊಂದು ಅರದಿಂದ ತಿಕ್ಕಿದ್ದು, ಒಂದರಂಗ ಒಂದಿಲ್ಲ. ಪಕ್ಕದ ಸಳಿ ಸೈಕಲ್ಲಿಂದು. ಈ ಉಗಿ ಬಿಡೂ ತಿರುಪು ಐತಲ್ಲ, ಇದು ಸೀಮಿ ಎಣ್ಣಿ ಸ್ಟೋವಿಂದು. ಮನಿ ಅಡಗಿ ಸ್ಟೋವು ಮುರದಿದ್ದೋ, ಇಲ್ಲಾ ಇವನ ಮುರದನೋ."

"ಹಂಗಾರ ಹೊಸಾ ರೆಸಾರ್ಟಿನವರಿಗೆ ಇದರ ಕತಿ ಹೇಳಬಹುದು," ಎಂದರು ಸಾವಕಾರರು. "ಅವರು ನಾಡದು ಬಂದು ಒಯ್ಯಾವರು. ಬಾಗಲದಾಗ ಇಡತಾರಂತ."

"ಯಾರು ಮಾಡಿದ್ದು ಅಂತ ಗೊತ್ತಾಗೂತನಾ ಕೊಡಬ್ಯಾಡ್ರಿ," ಎಂದಳು ಸೀಮಾ. "ಇಂಥಾದ್ದ ಮಾಡಿದವ ಎಲ್ಲೋ ಒಂದ ಕಡೆ ಹೆಸರೋ ಗುರುತೋ ಬಿಟ್ಟಿರತಾನ." ಆಮೇಲೆ ತಿರುಗಿ ಪಂಚಾಕ್ಷರಿಯನ್ನೇ ಕೇಳಿದಳು: "ತೊಳೀವಾಗ ನಿಮಗ ಎಲ್ಲೆರ ಬರದದ್ದು ಕಂಡಿತ್ತೇನ್ರಿ?"

ಆಗ ಹೇಳಬಹುದಿತ್ತು. ಹೌದ್ರಿ, ಪೆಟ್ಟಿಗಿ ಕೆಳಗ ಚುಕ್ಕಿ ಇದ್ದುವು ಅಂತ. ಎರಡೇ ಮಾತು. ಆದರೆ ನಗು ಇನ್ನೂ ಅಂಗಡಿಯಲ್ಲಿ ಆರಿರಲಿಲ್ಲ. ಆಧಾರ ಕಾರ್ಡಿಗೇ ಇಷ್ಟು ನಕ್ಕವರು ಇದಕ್ಕೆ ಎಷ್ಟು ನಕ್ಕಾರು?

"ಇಲ್ರಿ," ಎಂದ ಪಂಚಾಕ್ಷರಿ. ಒಳಗೆ ಹೋಗಿ ಒಂದು ಪರಾತದ ಹೆಸರನ್ನು ಬೇಕಾದದ್ದಕ್ಕಿಂತ ಆಳಕ್ಕೆ ತಿಕ್ಕಿದ.

ರೆಸಾರ್ಟಿನವರು ಬರಬೇಕಾದ ಮುನ್ನಾದಿನ ಸೀಮಾ ಮತ್ತೆ ಬಂದು ಎಂಜಿನ್ನಿನ ಅಳತೆ ತೆಗೆಯುತ್ತಿದ್ದಳು. ಅಷ್ಟರಲ್ಲಿ ಮುದುಕಿಯೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿದಳು. ಮೊಣಕೈವರೆಗೆ ಬಿಳೇ ಬಳೆ, ತಲೆಯ ಮೇಲೆ ಸೆರಗು. ವಿಜಯಪುರದ ಕಡೆಯ ತಾಂಡಾದಿಂದ ಗೋವೆಗೆ ದುಡಿಯಲು ಬಂದು ಇಲ್ಲೇ ಹಣ್ಣಾದವರ ಪೈಕಿ. ಒಳಗೆ ಬಂದವಳು ಯಾರನ್ನೂ ನೋಡಲಿಲ್ಲ, ಎಂಜಿನ್ನನ್ನು ನೋಡಿದಳು. ನೋಡಿದ್ದೇ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನ ಬೇಕಬೇ?" ಎಂದರು ಸಾವಕಾರರು.

"ನನ್ನ ಹೆಸರ ಗೋಮಿಬಾಯಿ ಅಂತರಿ. ವಾಸ್ಕೋದಿಂದ ಬಂದೀನಿ. ನಮ್ಮ ಬಾಜೂ ಮನಿ ಮುಬಶ್ಶಿರಾ ಮೊಬೈಲಿನಾಗ ತೋರಿಸಿದಳ್ರಿ. ಇದು ನನ್ನ ಗಂಡಂದು. ಠಾಕಪ್ಪಂದು. ಲೋಕೋ ಶೆಡ್ಡಿನಾಗ ಫಿಟ್ಟರನ ಕೈಕೆಳಗ ಇದ್ದಾ. ಮಳಿಗಾಲದಾಗ ಮನಿ ಬದಲ ಮಾಡೂವಾಗ ಟೆಂಪೋದಾಗಿಂದ ಒಂದ ಚೀಲ ತಪ್ಪಿತ್ರಿ. ಅದರಾಗ ಇತ್ತು."

"ಅಲ್ಲಬೇ, ಕಂಡ ಕಂಡವರು ಬಂದು ನಂದು ನಂದು ಅಂದ್ರ ನಾ ಅಂಗಡಿ ಮುಚ್ಚಿ ಭಜನಿ ಮಾಡ್ಲ್ಯಾ?" ಸಾವಕಾರರು ಗಿರಾಕಿಗಳ ಕಡೆ ನೋಡಿದರು. ಅವರು ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಸಾವಕಾರರಿಗೆ ಹುರುಪು ಏರುತ್ತದೆ. "ಆದ್ರ ಒಂದ ಮಾತು. ನಾ ಬೆಳಗಾವಿ ಮನಿತನದವ, ಗಾದಿ ಮ್ಯಾಲ ಕುಂತು ಹೇಳತೇನಿ. ಗುರುತು ತೋರಸು, ಒಯ್ಯಿ. ಒಂದು ಬಿಡಿಗಾಸು ಕೇಳಂಗಿಲ್ಲ."

ಗೋಮಿಬಾಯಿಯ ಮುಖ ಬೆಳಗಿತು. "ಗುರುತು ಐತ್ರಿ! ಕಲ್ಲಿದ್ದಲ ಪೆಟ್ಟಿಗಿ ಕೆಳಗ ನನ್ನ ಹೆಸರ ಐತಿ. ಕೊಡ ಬಾಂಡೆಕ್ಕ ಹಾಕತಾರಲ್ಲ, ಹಂಗ ಚುಕ್ಕಿ ಹೊಡದದ್ದು."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಪಂಚಾಕ್ಷರಿ ಚೌಕಟ್ಟು ಹಿಡಿದುಕೊಂಡ.

ಸೀಮಾ ಪೆಟ್ಟಿಗೆಯನ್ನು ಕೊಂಡಿಯಿಂದ ಬಿಡಿಸಿ ಬೋರಲು ಹಾಕಿದಳು. ಅಡಿಮೈ ಕನ್ನಡಿಯ ಹಾಗೆ ಹೊಳೆಯಿತು. ಗೋಮಿಬಾಯಿ ಬಗ್ಗಿ ನೋಡಲಿಲ್ಲ, ಅವಳಿಗೆ ನೋಡುವ ಅಗತ್ಯವಿರಲಿಲ್ಲ. ಬೆರಳಿಟ್ಟಳು. ಈ ಅಂಚಿನಿಂದ ಆ ಅಂಚಿಗೆ ಸರಿಸಿದಳು. ಮತ್ತೆ ಸರಿಸಿದಳು. ಬೆರಳನ್ನು ಸೀರೆಗೆ ಒರೆಸಿಕೊಂಡು ಮೂರನೇ ಸಲ ಸರಿಸಿದಳು. ಅವಳ ಮುಖದ ಬೆಳಕು ಹೋಗುವುದನ್ನು ಪಂಚಾಕ್ಷರಿ ಪೂರಾ ನೋಡಿದ. ನೋಡದೆ ಇರಲು ಆಗಲಿಲ್ಲ.

"ಇದಲ್ಲರಿ," ಎಂದಳು ಮುದುಕಿ.

"ಆಂ?"

"ಇದು ನಂದಲ್ಲ. ಅವಂದಂಗ ಕಾಣತೈತಿ, ಖರೇ. ಆದ್ರ ಅವಂದು ಇಷ್ಟು ಹೊಳೀತಿದ್ದಿಲ್ಲ. ಹೆಸರೂ ಇಲ್ಲ." ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಗಾದಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ತಪ್ಪಾತ್ರಿ ಸಾವಕಾರ. ಬ್ಯಾರೇದವರ ಸಾಮಾನಕ್ಕ ನಂದು ಅಂತ ಕೈ ಚಾಚಿದೆ. ಮುದುಕಿ ಕಳ್ಳಿ ಅಲ್ಲರಿ. ತಪ್ಪ ತಿಳೀಬ್ಯಾಡ್ರಿ."

"ಆತು ಆತು, ಹೋಗಬೇ," ಎಂದರು ಸಾವಕಾರರು. ಅವರ ದನಿಯಲ್ಲಿ ದೊಡ್ಡ ಮನಸ್ಸು ತುಳುಕುತ್ತಿತ್ತು. ಹಿಂದೆ ಯಾರೋ ಗಿರಾಕಿ, "ಹೊಸಾ ನಮೂನಿ ಭಿಕ್ಷಾ," ಎಂದ. ಅವಳಿಗೆ ಕೇಳಿಸಿತು. ತಲೆ ಬಗ್ಗಿಸಿಕೊಂಡು ಮೆಟ್ಟಿಲು ಇಳಿದಳು.

ಕ್ಷಮೆ ಕೇಳಿದ್ದು ಯಾರು? ಅವಳು. ಕೇಳಿಸಿಕೊಂಡದ್ದು ಯಾರು? ಇವನು, ಬಾಗಿಲ ಚೌಕಟ್ಟು ಹಿಡಿದು, ನಾಲಿಗೆ ನುಂಗಿದವನ ಹಾಗೆ. ಭೂಮಿ ಬಾಯಿ ಬಿಡಲಿ ಎಂದು ಹೇಳುವವರ ಮಾತು ಸುಳ್ಳಲ್ಲ. ಅದು ಬಾಯಿ ಬಿಡುವುದಿಲ್ಲ, ಅಷ್ಟೇ.

ಸೀಮಾ ಪೆಟ್ಟಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಿದ್ದಳು. "ಸಾವಕಾರ, ಇಲ್ಲಿ ನೋಡ್ರಿ. ಎಲ್ಲಾ ಕಡೆ ಪಾಲಿಶ್ ಗೀರು ಉದ್ದಕ್ಕ ಅದಾವು. ಇಲ್ಲೊಂದ ಕಡೆ ಅಡ್ಡ ಅದಾವು. ತಗಡೂ ತೆಳ್ಳಗಾಗೇತಿ."

ಸಾವಕಾರರು ಪಂಚಾಕ್ಷರಿಯನ್ನು ನೋಡಿದರು. "ಅಲ್ಲಿ ಏನರ ಇತ್ತೇನಲೇ?"

"ಇಲ್ಲಂದೆನಲ್ಲರಿ ನಿನ್ನೆ!" ಎಂದು ಅವನು ಕಿರುಚಿದ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. "ಎಲ್ಲಾ ನನ್ನ ಮ್ಯಾಲ ಹಾಕ್ರಿ! ಓದಿದವರು ಬರೋದು, ಗಾಜು ಹಿಡದು ನೋಡೋದು, ನಮ್ಮನ್ನ ಕಳ್ಳರನ್ನ ಮಾಡೋದು! ಹೊಳೀಲಿ ಅಂತ ಕೊಟ್ರಿ, ಹೊಳಿಸಿದೆ. ಮತ್ತೇನ ಬೇಕು? ನನ್ನ ಕೈ ಕಡಕೊಡ್ಲ್ಯಾ?"

"ನಾ ನಿಮಗ ಕಳ್ಳ ಅಂದಿಲ್ಲರಿ," ಎಂದಳು ಸೀಮಾ.

ಅವನು ಪಾಲಿಶ್ ಬಟ್ಟೆ ಒಗೆದು ಹೊರಗೆ ನಡೆದ. ಒಳ್ಳೇ ಬುದ್ಧಿ ಬಂದು ನಡೆದದ್ದಲ್ಲ. ಸಿಟ್ಟು ಬಂದರೆ ಎದ್ದು ನಡೆಯುವುದು ಅವನ ಹಳೇ ಚಾಳಿ, ಕಾಲು ಎತ್ತ ಒಯ್ದರೆ ಅತ್ತ. ಕಾಲು ಒಯ್ದದ್ದು ಬಸ್ ತಂಗುದಾಣಕ್ಕೆ. ಅಲ್ಲಿ ಕಟ್ಟೆಯ ಮೇಲೆ ಗೋಮಿಬಾಯಿ ಕೂತಿದ್ದಳು, ವಾಸ್ಕೋದ ಬಸ್ಸಿಗೆ ಕಾಯುತ್ತ. ಅವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ನೀ ಅಂಗಡಿಯಾಗಿನ ಹುಡುಗ ಅಲ್ಲೇನೋ ತಮ್ಮಾ? ಕೂಡು ಬಾ."

ಕೂತ.

"ನಿಮ್ಮ ಸಾವಕಾರಗ ಹೇಳಪಾ, ಮುದುಕಿ ಸುಳ್ಳ ಹೇಳಲಿಲ್ಲ, ಕಣ್ಣು ಮೋಸ ಮಾಡಿತು ಅಂತ. ಸ್ಟೋವಿನ ತಿರುಪು ನೋಡಿ ನಂದ ಅಂದ್ಕೊಂಡೆ. ನನ್ನ ಸ್ಟೋವು ಮುರದನಲ್ಲ, ನಾ ಎಷ್ಟ ಬೈದಿದ್ದೆ ಅವಗ!" ಅವಳು ಹಲ್ಲಿಲ್ಲದ ಬಾಯಲ್ಲಿ ಸ್ವಲ್ಪ ನಕ್ಕಳು. "ಸ್ಟೋವು ಮುರದು ರೈಲು ಮಾಡ್ತಿ, ಇದರ ಮ್ಯಾಲ ರೊಟ್ಟಿ ಬೇಯಿಸ್ಲ್ಯಾ ಅಂತ. ಅದಕ್ಕ ಅವಾ ಏನ ಮಾಡಿದಾ ಗೊತ್ತೇನು? ನನ್ನ ಮದವಿಯಾಗ ನನಗ ಯಾರೂ ಬಾಂಡೆ ಕೊಟ್ಟಿದ್ದಿಲ್ಲ. ಯಾವ ತಂಬಗಿ ಮ್ಯಾಲೂ ನನ್ನ ಹೆಸರಿಲ್ಲ. ಪ್ಯಾಟ್ಯಾಗ ಹೆಸರ ಹೊಡಿಯಾವನ ಕಡೆ ಒಯ್ದು ಪೆಟ್ಟಿಗಿ ಕೆಳಗ ಹೊಡಿಸಿಕೊಂಡ ಬಂದಾ. ತಗೋ, ನಿನ್ನ ಬಾಂಡೆ ಅಂದಾ."

ಪಂಚಾಕ್ಷರಿ ಮೊಣಕಾಲಿನ ನಡುವೆ ತಲೆ ಹಾಕಿದ.

"ಯಾಕೋ ತಮ್ಮಾ, ಆರಾಮಿಲ್ಲೇನು?"

"ಆಯೀ, ಅದು ನಿಂದಾ."

"ಅಲ್ಲಪಾ, ಹೆಸರ ಇಲ್ಲ—"

"ಇತ್ತು. ನಾ ಅಳಿಸಿದೆ." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. "ಗ್ರೈಂಡರ್ ಹಚ್ಚಿ ಅಳಿಸಿದೆ. ಹಳೇ ಬಾಂಡೆದ್ದು ಎಲ್ಲಾ ಅಳಸತೇವಿ. ಇದನ್ನೂ ಅಳಿಸಿದೆ. ನೀ ಬೆರಳಾಡಿಸೂವಾಗ ಅಲ್ಲೇ ನಿಂತಿದ್ದೆ. ಹೇಳಲಿಲ್ಲ. ನೀ ತಪ್ಪಾತು ಅಂದಿ, ಆಗೂ ಹೇಳಲಿಲ್ಲ."

ವಾಸ್ಕೋದ ಬಸ್ಸು ಬಂತು. ಕಂಡಕ್ಟರ್ ಕೂಗಿದ. ಅವಳು ಏಳಲಿಲ್ಲ. ಬಸ್ಸು ಹೋಯಿತು.

"ಏನಂತ ಬರದಿತ್ತು?" ಎಂದಳು ಕೊನೆಗೆ.

"ಗೊತ್ತಿಲ್ಲ."

"ಓದಾಕ ಬರಂಗಿಲ್ಲೇನು?"

ಕಿವಿ ಬಿಸಿಯಾಗಲಿಲ್ಲ. ತಣ್ಣಗಾದವು. "ಬರತೈತಿ ಆಯೀ."

"ಬರತೈತಿ. ಆದ್ರ ಓದಲಿಲ್ಲ." ಅವಳು ತನ್ನ ಬೆರಳನ್ನು ನೋಡಿಕೊಂಡಳು. "ನನಗ ಒಂದ ಅಕ್ಷರ ಬರಂಗಿಲ್ಲೋ. ಅವಾ ಸತ್ತಮ್ಯಾಲ ದಿನಾ ಅದನ್ನ ಓದತಿದ್ದೆ."

ಬೈದಿದ್ದರೆ ಚಲೋ ಇತ್ತು. ಚಪ್ಪಲಿ ತೆಗೆದಿದ್ದರೂ ಚಲೋ ಇತ್ತು. ಬೈದವರಿಗೆ ತಿರುಗಿ ಬೈಯುವುದು ಪಂಚಾಕ್ಷರಿಗೆ ಬರುತ್ತಿತ್ತು. ಇದಕ್ಕೆ ಏನು ಮಾಡಬೇಕೋ ಬರಲಿಲ್ಲ. ಎದ್ದು ನಿಂತ. "ನಡಿ ಆಯೀ, ಅಂಗಡಿಗೆ ಹೋಗೂಣು. ನಾ ಹೇಳತೇನಿ."

"ನೀ ಹೇಳಿದ್ರ ಅವರು ಕೇಳತಾರೇನು?"

"ಕೇಳಂಗಿಲ್ಲ," ಎಂದ. ಅದು ಖರೇ ಇತ್ತು. "ಆದ್ರ ನಡಿ."

ಕೇಳಲಿಲ್ಲ. ಅವನು ಎಲ್ಲರ ಮುಂದೆ ಹೇಳಿ ಮುಗಿಸಿದಾಗ ಸಾವಕಾರರು ಮೊದಲು ಸಿಟ್ಟಾಗಲಿಲ್ಲ, ವಕೀಲರಾದರು. "ಆತಪಾ. ಹೆಸರಿತ್ತು, ಅಳಿಸಿದಿ. ಯಾರ ಹೆಸರು? ಗೋಮಿಬಾಯಿನೋ ಗಂಗಾಧರನೋ?"

"ಓದಲಿಲ್ಲರಿ."

"ಓದಲಿಲ್ಲ! ಅಳಸಾಕ ಬರ್ತೈತಿ, ಓದಾಕ ಬರಂಗಿಲ್ಲ. ಸಾಲಿ ಬಿಟ್ಟಾವನ ಸಾಕ್ಷಿ ತಗೊಂಡು ನಾ ಮಾಲು ಕೊಡ್ಲ್ಯಾ? ನಾಳೆ ಇನ್ನೊಬ್ಬಾಕಿ ಬಂದು ಬಿಕ್ಕಿದ್ರ ಅಕೀಗೂ ಹಿಂಗ ಸಾಕ್ಷಿ ಹೇಳತಿ. ನಾ ಹೇಳಿದ್ದು ಗುರುತು ತೋರಸು ಅಂತ. ತೋರಸು!"

ಈಗ ಹೇಳಬೇಕಾದದ್ದು ಮೊದಲನೇ ದಿನದಿಂದಲೂ ಪಂಚಾಕ್ಷರಿಗೆ ಗೊತ್ತಿತ್ತು. ಗೊತ್ತಿದ್ದೂ ಬಚ್ಚಿಟ್ಟದ್ದರ ನಾಚಿಕೆ ಬೇರೆಯದೇ ಇತ್ತು.

"ಒಳಮೈಯಾಗ ಐತ್ರಿ," ಎಂದ. "ಹೊರಗಿಂದ ಚುಕ್ಕಿ ಹೊಡದ್ರ ತಗಡಿನ ಒಳಗ ಸಣ್ಣ ಗುಳ್ಳಿ ಏಳತಾವು. ಕೊಡದ ಹೆಸರ ಅಳಿಸಿದಮ್ಯಾಲ ಒಳಗ ಕೈ ಹಾಕಿ ಕಟಿಗಿ ಸುತಗಿಲೆ ಆ ಗುಳ್ಳಿ ಕುಟ್ಟತೇವಿ. ಈ ಪೆಟ್ಟಿಗಿ ಬಾಯಿ ಸಣ್ಣದು. ನನ್ನ ಸುತಗಿ ಹಿಡೀಲಿಲ್ಲ. ಬಿಟ್ಟೆ."

ಸೀಮಾ ತಟ್ಟನೆ ಮುಂದೆ ಬಂದಳು. ಮೊಬೈಲಿನ ಬೆಳಕು ಬಿಟ್ಟು ಪೆಟ್ಟಿಗೆಯೊಳಗೆ ಇಣುಕಿದಳು. ಒಳಗೆ ಹಳೇ ಮಸಿ ದಪ್ಪಗೆ ಕೂತಿತ್ತು, ಏನೂ ಕಾಣಲಿಲ್ಲ. ಪಂಚಾಕ್ಷರಿ, "ಸ್ವಲ್ಪ ಕೆರದ್ರ ಕಾಣತೈತ್ರಿ," ಎಂದು ತಿರುಪುಳಿ ತೆಗೆದುಕೊಂಡ.

"ಮುಟ್ಟಬ್ಯಾಡ್ರಿ!" ಎಂದಳು ಅವಳು. "ಇಡೀ ಎಂಜಿನ್ನಿನಾಗ ಉಳದದ್ದು ಇಷ್ಟ. ಇದನ್ನೂ ಕೆರೀಬ್ಯಾಡ್ರಿ."

ಅವನು ತಿರುಪುಳಿಯನ್ನು ಹೇಗೆ ಕೆಳಗಿಡಬೇಕೆಂದು ತಿಳಿಯದೆ ಹಿಡಿದೇ ನಿಂತ. ಆಮೇಲೆ ಅದನ್ನಿಟ್ಟು, ಪೆಟ್ಟಿಗೆಯನ್ನು ಅಂಗೈ ಮೇಲೆ ಎತ್ತಿ ಗೋಮಿಬಾಯಿಯ ಮುಂದೆ ಹಿಡಿದ. "ಆಯೀ, ಒಳಗ ಬೆರಳ ಹಾಕು."

ಅವಳ ಬೆರಳು ಕಡ್ಡಿಯಷ್ಟು ತೆಳ್ಳಗೆ. ಒಳಗೆ ಇಳಿಯಿತು. ಎಡಗಡೆಯಿಂದ ಶುರು ಮಾಡಿದಳು, ನಿಂತಳು, ಹುಬ್ಬು ಗಂಟಿಕ್ಕಿದಳು. "ಏನೋ ಐತಿ. ಆದ್ರ ಸೊಟ್ಟ ಐತಿ." ಬಲಗಡೆಯಿಂದ ಬಂದಳು. ಆಗ ಅವಳ ಉಸಿರು ಬದಲಾದದ್ದು ಅಂಗಡಿಯವರೆಲ್ಲರಿಗೂ ಕೇಳಿಸಿತು. "ಉಲ್ಟಾ ಐತ್ರಿ," ಎಂದಳು, "ಸೀರಿ ಹಿಂಬದಿ ಕಸೂತಿ ಇರತೈತಲ್ಲ, ಹಂಗ."

ಸೀಮಾ ಗಾಜಿನ ಮೇಜಿನ ಮೇಲೆ ಪಾಲಿಶ್ ಪುಡಿ ಚೆಲ್ಲಿ ಹರಡಿದಳು. "ಒಳಗ ಬೆರಳಿಗೆ ಹತ್ತಿದ್ದನ್ನ ಇನ್ನೊಂದ ಕೈಲೆ ಇಲ್ಲಿ ಬಿಡಸ್ರಿ ಆಯೀ. ಓದೂದು ಬ್ಯಾಡ, ಇದ್ದಂಗ ಬಿಡಸ್ರಿ."

ಮುದುಕಿ ಒಂದು ಬೆರಳು ಕತ್ತಲಲ್ಲಿ, ಒಂದು ಬೆರಳು ಪುಡಿಯಲ್ಲಿ ಇಟ್ಟು ನಿಧಾನಕ್ಕೆ ಬಿಡಿಸಿದಳು. ಸುತ್ತು, ಕೊಂಬು, ಮತ್ತೆ ಸುತ್ತು. ಮೇಲಿನಿಂದ ನೋಡಿದವರಿಗೆ ಅದು ಯಾವ ಭಾಷೆಯೂ ಅಲ್ಲ. "ಕೆಳಗಿಂದ ನೋಡ್ರಿ ಸಾವಕಾರ, ಗಾಜಿನಾಗಿಂದ," ಎಂದಳು ಸೀಮಾ. ಶಶಿಧರ ಸಾವಕಾರರು ಗಾದಿಯಿಂದ ಇಳಿದು, ಧೋತರ ಎತ್ತಿ, ತಮ್ಮದೇ ಮೇಜಿನ ಕೆಳಗೆ ಮೊಣಕಾಲೂರಿ ತಲೆ ಹಾಕಿದರು. ಹೊಟ್ಟೆ ಅಡ್ಡ ಬಂತು. ಯಾರೂ ನಗಲಿಲ್ಲ.

"ಗೋ," ಎಂದಿತು ಮೇಜಿನ ಕೆಳಗಿನ ದನಿ. ಸ್ವಲ್ಪ ತಡೆದು, "ಮಿ." ಆಮೇಲೆ ಕೆಮ್ಮಿತು. "ಸಾಕು ಬಿಡ್ರಿ. ಮುಂದಿಂದು ಬ್ಯಾಡ."

ಮೇಲೆ ಬಂದ ಸಾವಕಾರರು ಮೊಣಕಾಲು ಝಾಡಿಸಿದರು, ಯಾರ ಮುಖವನ್ನೂ ನೋಡಲಿಲ್ಲ. "ಒಯ್ಯಬೇ. ಗಾದಿ ಮ್ಯಾಲಿನ ಮಾತು." ರೆಸಾರ್ಟಿನವರಿಗೆ ಏನು ಹೇಳಬೇಕೆಂದು ಗೊಣಗುತ್ತ ಫೋನ್ ಎತ್ತಿಕೊಂಡು ಬಾಗಿಲಿಗೆ ಹೋದರು. ಅಲ್ಲಿಂದ ತಿರುಗಿ ಪಂಚಾಕ್ಷರಿಗೆ, "ನಿನ್ನ ಲೆಕ್ಕಾ ನಾಳೆ ಬಗಿಹರಸತೇನಿ ಮಗನ," ಎಂದರು.

ಪಂಚಾಕ್ಷರಿಗೆ ಆ ಮಾತು ತಾಗಲೇ ಇಲ್ಲ. ಅವನ ತಲೆಯಲ್ಲಿ ಒಂದೇ ಓಡುತ್ತಿತ್ತು. "ಆಯೀ," ಎಂದ, "ನನ್ನ ಕಡೆ ಚಾಣ ಐತಿ, ಸುತಗಿ ಐತಿ. ಹೊರಗಿಂದ ಮತ್ತ ಹೊಡದು ಕೊಡತೇನಿ. ಹಂಗಿಂದಂಗ. ಒಂದ ಚುಕ್ಕಿ ಆಕಡೆ ಈಕಡೆ ಆಗಂಗಿಲ್ಲ."

ಸೀಮಾ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಈಗ ಹೊಡದದ್ದು ಠಾಕಪ್ಪ ಹೊಡಿಸಿದ್ದು ಆಗಂಗಿಲ್ಲ. ಸುಳ್ಳಾಗತೈತಿ. ಅಳಿಸಿದ ಜಾಗಾ ಅಳಿಸಿದಂಗ ಇರಬೇಕು. ಬಣ್ಣಾನೂ ಹಚ್ಚಬ್ಯಾಡ್ರಿ, ಪಾಲಿಶೂ ಬ್ಯಾಡ. ಒಣಾ ಅರಿವ್ಯಾಗ ಸುತ್ತಿ ಇಡ್ರಿ, ನಾ ಬಂದು ನೋಡತೇನಿ."

"ಅಳಿಸಿದಂಗ ಇಡೂದಂದ್ರ..." ಅವನಿಗೆ ವಾಕ್ಯ ಮುಗಿಸಲಾಗಲಿಲ್ಲ.

ಗೋಮಿಬಾಯಿ ಮುಗಿಸಿದಳು. "ಬ್ಯಾಡಪಾ. ನಿನ್ನ ಕೈಲೆ ಬ್ಯಾಡ." ಗಡುಸಾಗಿ ಹೇಳಲಿಲ್ಲ. ಉಪ್ಪು ಬೇಡ ಎನ್ನುವವರ ಹಾಗೆ ಹೇಳಿದಳು. ಹೆಗಲಿನ ಟವೆಲ್ಲು ತೆಗೆದು ಕೊಟ್ಟಳು. "ನನಗ ಇಷ್ಟ ಭಾರ ಎತ್ತಾಕ ಆಗಂಗಿಲ್ಲ. ಮನೀತನಾ ಹಿಡಕೊಂಡ ಬಾ. ತಿಕ್ಕಬ್ಯಾಡ ಮತ್ತ, ಹಿಡಕೊಂಡ ಬಾ ಅಷ್ಟ."

ವಾಸ್ಕೋದ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸಿಕ್ಕಿತು. ಅವನು ಪಕ್ಕದಲ್ಲಿ ಕೂತು ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡ. ಟವೆಲ್ಲು ಚಿಕ್ಕದು, ಬಾಯ್ಲರಿನ ಅರ್ಧ ಹೊರಗೇ ಇತ್ತು. ಕೊರ್ಟಾಲಿಂ ದಾಟುವಾಗ ಸಂಜೆಯ ಬಿಸಿಲು ನೇರ ಅದರ ಮೇಲೆ ಬಿದ್ದು ಬಸ್ಸಿನ ಛಾವಣಿಗೆಲ್ಲ ಬಂಗಾರದ ಬಣ್ಣದ ಚೂರುಗಳು ಹಾರಿದವು. ಮುಂದಿನ ಸೀಟಿನವರು ತಿರುಗಿದರು. ಬಂದರಿನ ರಾತ್ರಿ ಪಾಳಿಗೆ ಹೊರಟಿದ್ದ ಒಬ್ಬ ಬಾದಾಮಿ ಕಡೆಯ ಹಿರಿಯ ಎದ್ದೇ ಬಂದು ಬಗ್ಗಿ ನೋಡಿದ.

"ಅಬಾಬಾಬಾ! ಏನ ಹೊಳಪೋ! ಯಾರು ಮಾಡಿದ್ದಬೇ ಇದನ್ನ?"

"ನನ್ನ ಗಂಡ," ಎಂದಳು ಗೋಮಿಬಾಯಿ.

"ಮತ್ತ ಪಾಲಿಶ್?"

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಬಳೆಯ ಕೈಯಿಂದ ಪಕ್ಕಕ್ಕೆ ತೋರಿಸಿದಳು. "ಈ ಹುಡುಗ."

"ಶಹಬ್ಬಾಸ್ ಮಗನ!" ಹಿರಿಯ ಪಂಚಾಕ್ಷರಿಯ ಬೆನ್ನು ತಟ್ಟಿದ. "ಕೈ ಅಂದ್ರ ಕೈ! ಮುಖ ಕಾಣತೈತಲ್ಲೋ ಇದರಾಗ!"

ಕಾಣುತ್ತಿತ್ತು. ಪಂಚಾಕ್ಷರಿ ಟವೆಲ್ಲನ್ನು ಎಳೆದು ಎಳೆದು ಮುಚ್ಚಲು ನೋಡಿದ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಹೊರಬಂದು ಹೊಳೆಯಿತು.